ಸೆಟ್ಟೋ ಸೆಟ್ಟು

ಮೇಷ್ಟ್ರು: ಭಟ್ರೇ, ಒಂದು ಸೆಟ್ ದೋಸೆ. ಗೊತ್ತಾ ನಿಮಗೆ, 1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ ‘ಸೆಟ್’ ಅನ್ನೋ ಕ್ರಿಯಾಪದಕ್ಕೆ ಸುಮಾರು 430 ಅರ್ಥ!

ಭಟ್ರು: ನಮ್ಮಲ್ಲಿ ಮೂರೇ ದೋಸೆ, ಮೇಷ್ಟ್ರೇ. ಸಾಗು ಬೇರೆ.

ಮೇಷ್ಟ್ರು: ಸೂರ್ಯ ಮುಳುಗಿದ್ರೂ ಸೆಟ್, ಮೊಸರು ಹೆಪ್ಪಾದ್ರೂ ಸೆಟ್, ಮೂಳೆ ಕೂಡಿಸಿದ್ರೂ ಸೆಟ್! (ಮೇಷ್ಟ್ರಿಗೆ ದೋಸೆಗಿಂತ ಪಾಠವೇ ರುಚಿ.)

ಭಟ್ರು: ಮಗ ಸೆಟ್ಲ್ ಆದ್ನಾ?

ಮೇಷ್ಟ್ರು: ಎಲ್ಲಿ! ನೇಮಕಾತಿ ಪರೀಕ್ಷೆ ಬರೆದ. ರದ್ದಾಯ್ತು.

ಭಟ್ರು: ಪಾಪ, ಪೇಪರ್ ಸೆಟ್ ಮಾಡಿರ್ಲಿಲ್ವಾ?

ಮೇಷ್ಟ್ರು: ಮಾಡಿದ್ರು. ಹಿಂದಿನ ರಾತ್ರೀನೇ ಕೆಲವರಿಗೆ ಉತ್ತರವೂ ಸೆಟ್ ಆಗಿತ್ತಂತೆ.

ಭಟ್ರು: ಅಬ್ಬ, ಎಂಥ ಓದು!

ಮೇಷ್ಟ್ರು: ಓದಲ್ರೀ, ಸೆಟ್ಟಿಂಗು.

ಭಟ್ರು: ಅದೂ ನಿಘಂಟಲ್ಲಿ ಉಂಟಾ?

ಮೇಷ್ಟ್ರು: ಇಲ್ಲ.

ಭಟ್ರು: ಹಾಗಾದ್ರೆ 431. ಮಾಡಿದವ್ರು ಸೂರ್ಯನ ಹಾಗೆ ಸೆಟ್ ಆದ್ರೋ?

ಮೇಷ್ಟ್ರು: ಮೊಸರಿನ ಹಾಗೆ. ಗಟ್ಟಿಯಾಗಿ, ಕೆನೆ ಸಮೇತ.

ಭಟ್ರು: ತನಿಖೆ?

ಮೇಷ್ಟ್ರು: ಎಸ್‌ಐಟಿ ಮಾಡಿದಾರಲ್ಲ!

ಭಟ್ರು: ಕೂಡಿಸಿ ಓದಿ ಮೇಷ್ಟ್ರೇ. ‘ಸಿಟ್’ ಅಂತ. ಕೂತಿರುತ್ತೆ.