ಚಾಡಿ ಕೇಳುವ ಕಾರು

ಅಂಕೋಲೆಯ ಮದುವೆಯಲ್ಲಿ ಎರಡೆರಡು ಸಲ ಹೋಳಿಗೆ ಹಾಕಿಸಿಕೊಂಡು ಹೊರಟವನಿಗೆ ಅರಬೈಲ್ ಘಟ್ಟದಲ್ಲಿ ಕಾರು ಏರದೇ ಹೋದಾಗ ಮೊದಲು ಅನುಮಾನ ಬಂದದ್ದು ಹೋಳಿಗೆಯ ಮೇಲೆಯೇ. ಹಿಂದಿನ ಸೀಟಿನಲ್ಲಿದ್ದ ಆಯಿ, ಹೆಂಡತಿ, ಅತ್ತಿಗೆ ಮೂವರೂ ಬಡಿಸುವವರಿಗೆ ಬೇಡ ಎಂದವರಲ್ಲ. ಎರಡನೇ ಗೇರಿನಲ್ಲಿ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದರೂ ಗಾಡಿಗೆ ಪಿಕಪ್ಪೇ ಇಲ್ಲ. ಜಲ್ಲಿ ತುಂಬಿದ ಲಾರಿಯೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಅದರ ಕ್ಲೀನರ್ ನಮ್ಮ ಕಡೆ ನೋಡಿ, ಪಾಪ, ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಮೂಲ ತಪ್ಪು ನನ್ನದು. ಸಿದ್ದಾಪುರದ ಕಡೆ ನಮ್ಮ ಮನೆ ಇರುವುದು ಟಾರು ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ. ಪ್ರತಿ ಮಳೆಗಾಲ ಕಳೆದಾಗ ರಸ್ತೆಯ ಮಣ್ಣು ಹಳ್ಳದ ಪಾಲು, ಕಲ್ಲು ನಮ್ಮ ಪಾಲು. ಒಮ್ಮೆ ಇಂಜಿನ್ನಿನ ಹೊಟ್ಟೆಗೆ ಕಲ್ಲು ಬಡಿದು ಆಯಿಲೆಲ್ಲ ಸೋರಿಹೋದ ಮೇಲೆ ನನಗೆ ಕಾರನ್ನು ತಿದ್ದುವ ಹುಚ್ಚು ಹಿಡಿಯಿತು. ಸ್ಪ್ರಿಂಗಿಗೆ ರಬ್ಬರ್ ಕೊಟ್ಟು ಎತ್ತರ ಮಾಡಿಸಿದೆ. ಅಗಲದ ಟೈರು ಹಾಕಿಸಿದೆ. ಕೊನೆಗೆ ಶಿರಸಿಯಲ್ಲಿ ಅಡಿಕೆ ಬೇಯಿಸುವ ಒಲೆ ಮಾಡುವ ವೆಲ್ಡಿಂಗ್ ಅಂಗಡಿಯೊಂದಕ್ಕೆ ಹೋಗಿ ಇಂಜಿನ್ನಿನ ಅಡಿಗೆ ದಪ್ಪ ಕಬ್ಬಿಣದ ತಗಡು ಕಟ್ಟಿಸಿದೆ. "ಇದರ ಮೇಲೆ ಆನೆ ನಿಂತರೂ ಏನಾಗೋದಿಲ್ಲ ಹೆಗಡೇರೇ" ಎಂದ ಅಂಗಡಿಯವ. ಆನೆ ಕಾರಿನ ಅಡಿಗೆ ಹೇಗೆ ಹೋದೀತು ಎಂದು ಕೇಳುವ ಬುದ್ಧಿ ನನಗೆ ಆಗ ಬರಲಿಲ್ಲ.

ಘಟ್ಟದ ಅವಮಾನದ ಮರುದಿನದಿಂದ ಚಿಕಿತ್ಸೆ ಶುರು. ಮೊದಲ ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ಬದಲಾಯಿತು. ಎರಡನೆಯವರು ಪೆಟ್ರೋಲಿಗೆ ಬೆರೆಸುವ ಎಥೆನಾಲನ್ನು ಮನಸಾರೆ ಬೈದರು. ಈಚೆಗೆ ಯಾವ ಗಾಡಿ ಕೆಮ್ಮಿದರೂ ಬೈಗುಳ ಅದಕ್ಕೇ. ಬೇರೆ ವಿಷಯದಲ್ಲಿ ಹೇಗೋ, ನಾಕಿಂಗ್ ಎಂಬ ಇಂಜಿನ್ನಿನ ಒಳಬಡಿತದ ವಿಷಯದಲ್ಲಂತೂ ಅದು ನಿರಪರಾಧಿ. ಎಥೆನಾಲ್ ನಾಕಿಂಗನ್ನು ತಡೆಯುವ ವಸ್ತು. ಇದನ್ನು ನನಗೆ ಹೇಳಿದ್ದು ಬೆಂಗಳೂರಿನಿಂದ ರಜೆಗೆ ಬಂದ ಅಕ್ಕನ ಮಗ. ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನವೊಂದನ್ನು ಅವನು ಸ್ಟಿಯರಿಂಗಿನ ಅಡಿ ಸಿಕ್ಕಿಸಿ, ಮೊಬೈಲ್ ನೋಡುತ್ತ, "ಮಾವ, ನಿನ್ ಕಾರಿಗೆ ನಾಕಿಂಗ್ ಕೇಳ್ತಾ ಇದ್ದು" ಎಂದ.

"ಕಾರಿಗೆ ಕೇಳ್ತು ಅಂದ್ರೆ? ಅದಕ್ಕೆ ಕಿವಿ ಇದ್ದನೋ?"

ಇದೆಯಂತೆ. ಇಂಜಿನ್ ಬ್ಲಾಕಿಗೆ ಬೋಲ್ಟು ಹಾಕಿ ಬಿಗಿದ ಸಣ್ಣ ಬಿಲ್ಲೆ, ಹೆಸರು ನಾಕ್ ಸೆನ್ಸರ್. ಅದರೊಳಗಿನ ಹರಳಿಗೆ ಅದುರಿಕೆ ತಾಗಿದರೆ ಚೂರು ವಿದ್ಯುತ್ತು ಹುಟ್ಟುತ್ತದೆ. ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಟಕ್ ಎಂದು ಕಿಡಿ ಹಾರಿಸುವುದೂ ಇದೇ ಗುಣ. ಕ್ಯೂರಿ ಸೋದರರು 1880ರಲ್ಲಿ ಕಂಡುಹಿಡಿದದ್ದು. ಸಿಲಿಂಡರಿನಲ್ಲಿ ಪೆಟ್ರೋಲು ಪ್ಲಗ್ಗಿನ ಕಿಡಿಯಿಂದ ಹೊತ್ತಿ, ಒಲೆಯಲ್ಲಿ ಸೋಗೆಗೆ ಬೆಂಕಿ ಹಬ್ಬಿದಂತೆ ಒಂದು ಕಡೆಯಿಂದ ಉರಿಯುತ್ತ ಹೋಗಬೇಕು. ಕೆಲವೊಮ್ಮೆ ಮೂಲೆಯಲ್ಲಿ ಉಳಿದದ್ದು ಸರದಿ ಕಾಯದೆ ತಾನಾಗಿ ಸಿಡಿಯುತ್ತದೆ. ಆಗ ಸಿಲಿಂಡರಿನ ಗೋಡೆ ಸೆಕೆಂಡಿಗೆ ಆರೇಳು ಸಾವಿರ ಸಲ ಅದುರಿ ಲೋಹದ ಸದ್ದು ಬರುತ್ತದೆ. ಅದೇ ನಾಕಿಂಗ್. ಹೆಚ್ಚಾದರೆ ಪಿಸ್ಟನ್ನೇ ತೂತಾದೀತು. ಹಾಗಾಗಿ ಆ ಸದ್ದು ಕೇಳಿದ ಕೂಡಲೇ ಕಾರಿನ ಕಂಪ್ಯೂಟರ್ ಹೆದರಿ ಕಿಡಿಯ ಹೊತ್ತನ್ನು ಹಿಂದಕ್ಕೆ ತಳ್ಳುತ್ತದೆ. ಇಂಜಿನ್ ಉಳಿಯುತ್ತದೆ, ಆದರೆ ದಮ್ಮು ಹೋಗುತ್ತದೆ.

"ಹಂಗಾರೆ ನಾಕಿಂಗ್ ಇದ್ದು ಹೇಳಾತು."

"ಅದೇ ಗೊತ್ತಿಲ್ಲೆ ಮಾವ. ಕೇಳ್ತು ಹೇಳಿ ಸೆನ್ಸರ್ ಹೇಳ್ತು, ಅಷ್ಟೇ."

ನನಗೆ ಆಯಿಯ ನೆನಪಾಯಿತು. ನಡುರಾತ್ರಿ ಹೊರಗೆ ಧಪ್ ಎಂದರೆ ಅವಳು ಮಗ್ಗುಲು ಬದಲಿಸದೇ ಹೇಳುತ್ತಾಳೆ, ಇದು ಅಡಿಕೆ ಸೋಗೆ, ಇದು ಹಲಸಿನ ಹಣ್ಣು, ಇದು ಹಂಚಿನ ಮೇಲೆ ಮಂಗ ಎಂದು. ಎಂಬತ್ತು ವರ್ಷದ ಆ ಕಿವಿ ಸುಳ್ಳು ಹೇಳಿದ್ದಿಲ್ಲ. ಲಕ್ಷಗಟ್ಟಲೆ ಕೊಟ್ಟು ತಂದ ಕಾರಿನ ಕಿವಿಗೆ ಅಷ್ಟು ವಿವೇಕವಿಲ್ಲ. ಯಾರು ಬಡಿದರೂ ಅದಕ್ಕೆ ಸಿಲಿಂಡರೇ ಬಡಿದಂತೆ. ಚಾಡಿ ಕೇಳುವ ಯಜಮಾನನಿಗೂ ಇದಕ್ಕೂ ಏನು ವ್ಯತ್ಯಾಸ?

ಹುಡುಗ ಪರೀಕ್ಷೆಯೊಂದನ್ನು ಸೂಚಿಸಿದ. ದುಬಾರಿಯ, ಹೆಚ್ಚು ಆಕ್ಟೇನಿನ ಪೆಟ್ರೋಲು ಹಾಕಿಸುವುದು. ನಿಜವಾದ ನಾಕಿಂಗಾದರೆ ಕಡಿಮೆಯಾಗಬೇಕು. ಹಾಕಿಸಿ ದೇವಿಮನೆ ಘಟ್ಟ ಇಳಿದು, ತಿರುಗಿಸಿ ಏರಿದೆವು. ಜೇಬು ಹಗುರಾಯಿತೇ ಹೊರತು ಮೊಬೈಲಿನ ಅಂಕಿ ಕದಲಲಿಲ್ಲ. ಸಪಾಟು ರಸ್ತೆಯಲ್ಲಿ ಸೊನ್ನೆ, ಏರು ಸಿಕ್ಕಿತೋ ಕಿಡಿ ಏಳೆಂಟು ಡಿಗ್ರಿ ಹಿಂದೆ. ಕಿವಿಯೇ ಕೆಟ್ಟಿರಬೇಕೆಂದು ಹೊಸ ಸೆನ್ಸರ್ ಹಾಕಿಸಿದೆ. ಹೊಸ ಕಿವಿಯೂ ಹಳೆಯ ಚಾಡಿಯನ್ನೇ ಕೇಳಿತು.

ಕೊನೆಗೆ ಶಿರಸಿಯ ಹಳೇ ಮೆಕ್ಯಾನಿಕ್ ಒಬ್ಬರ ಮುಂದೆ ಗಾಡಿ ನಿಲ್ಲಿಸಿದೆ. ಮೊಬೈಲು ತೋರಿಸಿದ ಹುಡುಗನಿಗೆ ಅವರು "ಚೊಲೋ ಉಂಟು, ಕಿಸೆಯಲ್ಲಿಡು" ಎಂದರು. ಮೊಳ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡರು. ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಕ್ಲಚ್ ಅರ್ಧ ಬಿಡಲು ನನಗೆ ಹೇಳಿದರು. ಇಂಜಿನ್ ತನ್ನ ರಬ್ಬರ್ ಗಾದಿಯ ಮೇಲೆ ಒಂದು ಕಡೆಗೆ ವಾಲಿತು.

"ಆಹಾ! ಇಲ್ಲಿದ್ದಾನೆ ನಿಮ್ಮ ಕಳ್ಳ."

ನನ್ನ ಆನೆ ತಗಡಿನ ಒಂದು ಕಿವಿ! ಏರಿನಲ್ಲಿ ಇಂಜಿನ್ ವಾಲಿದಾಗ ಆ ಮೂಲೆ ಆಯಿಲ್ ಸಂಪಿನ ಅಂಚಿಗೆ ತಾಗಿ ಬಡಿಯುತ್ತಿತ್ತು. ಬಡಿದಲ್ಲಿ ಬಣ್ಣ ಹೋಗಿ ಅಡಿಕೆ ಹೋಳಿನಷ್ಟು ಜಾಗ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಕಾರಿನ ಕಂಪ್ಯೂಟರ್ ಸದಾ ಕಾಲ ಕಿವಿ ತೆರೆದುಕೊಂಡು ಕೂರುವುದಿಲ್ಲವೆಂದು ಹುಡುಗ ಹೇಳಿದ್ದ. ಕಿಡಿ ಹಾರಿದ ನಂತರದ ಚೂರು ಹೊತ್ತು ಮಾತ್ರ ಆಲಿಸುತ್ತದೆ, ಯಕ್ಷಗಾನಕ್ಕೆ ಹೋಗಿ ರಾತ್ರಿಯಿಡೀ ನಿದ್ದೆ ಹೊಡೆದು ಚಂಡೆ ಬಿದ್ದಾಗ ಮಾತ್ರ ಎಚ್ಚರವಾಗಿ "ಆಟ ಭಾರೀ ಚೊಲೋ" ಎನ್ನುವ ನಮ್ಮ ಭಾವನ ಹಾಗೆ. ಆದರೆ ಇಂಜಿನ್ ಎದೆಯುಬ್ಬಿಸಿ ಒದೆಯುವುದೂ ಅದೇ ಹೊತ್ತಿಗೆ, ತಗಡು ತಾಗುವುದೂ ಅದೇ ಹೊತ್ತಿಗೆ. ಚಾಡಿ ಹೇಳುವವರಿಗೆ ಹೊತ್ತಿನ ಅಂದಾಜು ಚೆನ್ನಾಗಿರುತ್ತದೆ.

ಮೆಕ್ಯಾನಿಕ್ ಆ ಮೂಲೆಯನ್ನು ಗ್ರೈಂಡರಿನಲ್ಲಿ ಸವರಿದರು. ಬೋಲ್ಟಿನ ಬುಡಕ್ಕೆ ಏನಾದರೂ ಮೆತ್ತಗಿನದು ಬೇಕೆಂದರು. ಡಿಕ್ಕಿಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ಹಳೇ ಪೈಪಿನ ತುಂಡು ಬಿದ್ದಿತ್ತು. ಅದನ್ನೇ ನಾಲ್ಕು ಚೂರು ಮಾಡಿ ಬುಶ್ ಹಾಕಿದರು. ಸೆನ್ಸರಿನ ಬೋಲ್ಟನ್ನೂ ಸಡಿಲಿಸಿ ಅಳತೆಯ ಪಾನೆಯಲ್ಲಿ 20 ನ್ಯೂಟನ್ ಮೀಟರಿಗೆ ಮತ್ತೆ ಬಿಗಿದರು. ಆ ಬಿಗಿ ತಪ್ಪಿದರೆ ಕಿವಿಗೆ ಸರಿಯಾಗಿ ಕೇಳುವುದಿಲ್ಲವಂತೆ. ಬಿಲ್ಲು ನೂರೈವತ್ತು ರೂಪಾಯಿ. ಅದಕ್ಕೂ ಮೊದಲು ಕಳೆದದ್ದರ ಲೆಕ್ಕ ಹೆಂಡತಿಗೆ ಇನ್ನೂ ಪೂರ್ತಿ ಒಪ್ಪಿಸಿಲ್ಲ.

ಈ ನಡುವೆ ಆಯಿ ಯಾರಿಗೂ ಹೇಳದೆ ಯಲ್ಲಾಪುರ ತಾಲ್ಲೂಕಿನ ಚಂದಗುಳಿಯ ಘಂಟೆ ಗಣಪತಿಗೆ ಹರಕೆ ಹೊತ್ತಿದ್ದಳು. ಅಲ್ಲಿ ಹರಕೆ ತೀರಿದವರು ಘಂಟೆ ಕಟ್ಟುವುದು ವಾಡಿಕೆ. ಗುಡಿಯ ಸುತ್ತ ಎತ್ತ ನೋಡಿದರೂ ಘಂಟೆ. ಅಂತೂ ಹೊಸ ಹಿತ್ತಾಳೆ ಘಂಟೆಯೊಂದನ್ನು ಕೊಂಡು ಎಲ್ಲರೂ ಹೊರಟೆವು. ಏರು ಬಂದಾಗ ಹುಡುಗ ಮೊಬೈಲ್ ನೋಡಿ "ಸೊನ್ನೆ, ಮಾವ" ಎಂದ. ನನಗೆ ಅರಬೈಲಿಗೆ ಹೋಗಿ ಆ ಲಾರಿಯನ್ನು ಹುಡುಕಬೇಕೆನಿಸಿತು.

ಹಿಂದಿನ ಸೀಟಿನಲ್ಲಿ ಮಾತಿಲ್ಲ. ಕನ್ನಡಿಯಲ್ಲಿ ನೋಡಿದರೆ ಆಯಿ ಘಂಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ನಾಲಿಗೆಗೆ ಸೆರಗು ಸುತ್ತಿ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದಾಳೆ.

"ಎಂತಕೆ ಆಯಿ, ಹಾಂಗೆ ಹಿಡ್ಕಂಡಿದ್ದೆ?"

"ಸುಮ್ನಿರೋ ಮಾಣಿ," ಆಯಿ ಪಿಸುಗುಟ್ಟಿದಳು, "ಗಾಡಿಗೆ ಕೇಳ್ತು."