ಅಟ್ಟದ ಮೇಲಿನ ಇಪ್ಪತ್ತೆಂಟು

ಹೋಳಿ ಹುಣ್ಣಿಮೆಗೆ ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುವುದು ಪುಣೆಯಲ್ಲಿ ನೆಲೆಸಿದ್ದರೂ ಧಾರವಾಡದವನಾದ ನನಗೆ ಹುಟ್ಟಿನಿಂದ ಬಂದ ಹಕ್ಕು. 2020ರ ಮಾರ್ಚ್ 9, ಅದೇ ಹುಣ್ಣಿಮೆಯ ದಿನ, ದುಬೈಯಿಂದ ಪುಣೆಗೆ ಮರಳಿದ್ದ ಇಬ್ಬರಿಗೆ ಕೊರೊನಾ ಇರುವುದು ಖಚಿತವಾಯಿತು. ಮಹಾರಾಷ್ಟ್ರಕ್ಕೇ ಅವು ಮೊದಲ ಪ್ರಕರಣಗಳು. ಬಾಯಿ ಬಡಿದುಕೊಳ್ಳಬೇಕಾದ ಊರು ಬಾಯಿ ಮುಚ್ಚಿಕೊಳ್ಳಲು ಓಡಿತು.

ನಮ್ಮ ಓಣಿಯ ಔಷಧಿ ಅಂಗಡಿಯವ ಹೇಳಿ ಹೇಳಿ ಸಾಕಾಗಿ ಪಾಟಿ ತೂಗುಹಾಕಿದ. ಪುಣೇರಿ ಪಾಟಿ ಎಂದರೆ ಗಿರಾಕಿಗೆ ಗೌರವದಿಂದಲೇ ಕಪಾಳಕ್ಕೆ ಬಾರಿಸುವ ಫಲಕ. ಅದರ ಮರಾಠಿಯ ಸಾರಾಂಶ ಹೀಗಿತ್ತು: “ಮಾಸ್ಕ್ ಇಲ್ಲ. ಸ್ಯಾನಿಟೈಸರ್ ಇಲ್ಲ. ‘ಒಂದಾದರೂ?’ ಎಂದು ಕೇಳುವವರಿಗೆ ಒಂದೂ ಇಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಉತ್ತರವೂ ಇಲ್ಲ.”

ಊರೆಲ್ಲ ಪೇಚಾಡುತ್ತಿದ್ದಾಗ ನಾನು ಒಳಗೊಳಗೇ ಮೀಸೆ ತಿರುವುತ್ತಿದ್ದೆ. ನಮ್ಮ ಅಟ್ಟದ ಮೇಲೆ ಇಪ್ಪತ್ತೆಂಟು ಎನ್‌95 ಮಾಸ್ಕುಗಳಿದ್ದವು.

ಅವು ಹಂದಿಜ್ವರದ ಕಾಲದ ಆಸ್ತಿ. 2009ರ ಆಗಸ್ಟ್ 3ರಂದು ದೇಶದಲ್ಲಿ ಆ ಜ್ವರಕ್ಕೆ ಮೊದಲ ಬಲಿಯಾದದ್ದು ಪುಣೆಯಲ್ಲೇ. ಶಾಲೆಗಳು, ಸಿನಿಮಾ ಮಂದಿರಗಳು ಮುಚ್ಚಿದವು. ನಾಯ್ಡು ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲು ಬೆಳೆಯಿತು. ಜನ ಕರವಸ್ತ್ರದಲ್ಲಿ ಕರ್ಪೂರ, ಯಾಲಕ್ಕಿ ಗಂಟು ಕಟ್ಟಿ ಮೂಸುತ್ತಿದ್ದರು. ನಾನು ಮಾತ್ರ ವಿಜ್ಞಾನದ ಪಕ್ಷ. ಒಂದಕ್ಕೆ ಇನ್ನೂರರಂತೆ ಮೂವತ್ತು ಮಾಸ್ಕು ಹೊತ್ತು ತಂದೆ.

“ಆರು ಸಾವಿರಕ್ಕ ಮೂಗುಬುಟ್ಟಿ ತಂದೀರಿ?” ಎಂದಳು ಹೆಂಡತಿ. “ಆ ರೊಕ್ಕದಾಗ ನನಗ ಮೂಗುಬಟ್ಟು ಬರ್ತಿತ್ತಲ್ರೀ!”

ಆಕೆಗೆ ಮಾಸ್ಕು ಬೇಕಿರಲಿಲ್ಲ. ಸ್ಕೂಟರಿನ ಮೇಲೆ ಕಣ್ಣೆರಡು ಬಿಟ್ಟು ಉಳಿದದ್ದನ್ನೆಲ್ಲ ಸ್ಕಾರ್ಫಿನಲ್ಲಿ ಸುತ್ತಿಕೊಳ್ಳುವ ಪುಣೆಯ ಹೆಂಗಸರು ಎಲ್ಲ ಜ್ವರಗಳಿಗಿಂತ ಮುಂಚೆಯೇ ಸಿದ್ಧರು. ಗಣಪತಿ ಬಂದ, ಜನ ಭಯ ಮರೆತರು. ಎರಡು ಬಳಕೆಯಾಗಿ ಇಪ್ಪತ್ತೆಂಟು ಅಟ್ಟ ಸೇರಿದವು. ಆಮೇಲೆ ಮನೆಯಲ್ಲಿ ಯಾವ ಖರ್ಚಿನ ಮಾತು ಬಂದರೂ ಆಕೆಯ ಕಣ್ಣು ಅಟ್ಟದ ಕಡೆ ಹೋಗುತ್ತಿತ್ತು.

ಈಗ ನನ್ನ ದಿನ ಬಂದಿತ್ತು. ಅಷ್ಟರಲ್ಲಿ ಮಾರ್ಚ್ 13ರಂದು ಕೇಂದ್ರ ಸರ್ಕಾರ ಮಾಸ್ಕು, ಸ್ಯಾನಿಟೈಸರುಗಳನ್ನು ಅಗತ್ಯ ವಸ್ತುಗಳೆಂದು ಸಾರಿತು. ಅಂದರೆ ಅಡಗಿಸಿಟ್ಟರೆ ನಾನು ಕಾಳಸಂತೆಯವ! ಜೈಲಿಗಿಂತ ಕರ್ಣನಾಗುವುದೇ ಲೇಸೆಂದು ಸೊಸೈಟಿಯ ವಾಟ್ಸಾಪಿನಲ್ಲಿ ಬರೆದೆ: “ಎನ್‌95, ಉಚಿತ, ನಮ್ಮ ಮನೆಯಲ್ಲಿ.”

ಭಾನುವಾರ ಬೆಳಿಗ್ಗೆ ಮೆಟ್ಟಿಲವರೆಗೆ ಸಾಲು. ಮೊದಲಿಗರು ಸೆಕ್ರೆಟರಿ ಕಾಕಾ. ಈ ಮಾಸ್ಕು ಮುಖಕ್ಕೆ ಬಿಗಿಯಾಗಿ ಕೂತರೆ ನೂರಕ್ಕೆ ತೊಂಬತ್ತೈದು ಸೂಕ್ಷ್ಮ ಕಣಗಳನ್ನು ತಡೆಯುತ್ತದೆ ಎಂದು ಪ್ರವಚನ ಮಾಡುತ್ತಾ, ತೊಟ್ಟು ತೋರಿಸಲು ಎಲಾಸ್ಟಿಕ್ ಎಳೆದೆ. ಪಟ್! ತುದಿ ಹಾರಿ ಕಾಕಾನ ಕನ್ನಡಕಕ್ಕೆ ಬಡಿಯಿತು. ಎರಡನೆಯದನ್ನು ಎಳೆದೆ, ಹಳೇ ಶಾವಿಗೆಯಂತೆ ಪುಡಿಪುಡಿ. ಹತ್ತು ಬೇಸಿಗೆಗಳ ಕಾವಿಗೆ ಇಪ್ಪತ್ತೆಂಟರ ರಬ್ಬರೂ ಬೆಂದುಹೋಗಿತ್ತು. ಕಾಕಾ ಡಬ್ಬಿ ತಿರುಗಿಸಿ ಓದಿದರು: 2012ಕ್ಕೇ ಅವಧಿ ಮುಗಿದಿದೆ! ತಂದಾಗ ನಾನು ಬೆಲೆಯನ್ನಷ್ಟೇ ಓದಿದ್ದೆ. ಎನ್‌95, ದಾರವಿಲ್ಲದೆ ಎನ್‌ ಸೊನ್ನೆ.

ಹೆಂಡತಿ ಏನೂ ಅನ್ನಲಿಲ್ಲ. ಅದೇ ಭಯಂಕರ. ಟ್ರಂಕಿನಿಂದ ಗುಳೇದಗುಡ್ಡದ ಖಣ ತೆಗೆದು ಹೊಲಿಗೆ ಯಂತ್ರದ ಮುಂದೆ ಕೂತಳು. ಕಟ್ಟಲು ಲಾಡಿ ಸಾಲಲಿಲ್ಲ; ನನ್ನ ಪೈಜಾಮಗಳಿಂದ ಒಂದೊಂದಾಗಿ ಎಳೆದಳು, ಕೊನೆಗೆ ಉಟ್ಟದ್ದರಿಂದಲೂ. ಸಂಜೆಯೊಳಗೆ ಹನ್ನೆರಡು ಮನೆಗಳ ಮೂಗು ಮುಚ್ಚಿತು. ನನ್ನ ಮಾನ ಮಾತ್ರ ನನ್ನ ಎಡಗೈಯಲ್ಲಿತ್ತು.

ವಾರ ಕಳೆಯುವಷ್ಟರಲ್ಲಿ ಸರ್ಕಾರ ಮೂರು ಪದರದ ಮಾಸ್ಕಿಗೆ 10 ರೂಪಾಯಿ, 200 ಮಿಲಿ ಸ್ಯಾನಿಟೈಸರಿಗೆ 100 ರೂಪಾಯಿ ಮಿತಿ ಹಾಕಿತು. ಬೆಲೆ ಕಾಗದದ ಮೇಲೆ ಇಳಿಯಿತು. ಮಾಲು ನಮ್ಮ ಅಂಗಡಿಯಲ್ಲಿ ಇಳಿಯಲಿಲ್ಲ. ಏಪ್ರಿಲ್‌ನಲ್ಲಿ ಪುಣೆಯಲ್ಲಿ ಮಾಸ್ಕು ಕಡ್ಡಾಯವಾದಾಗ ಮನೆಯಲ್ಲಿ ಹೊಲಿದದ್ದೂ ನಡೆಯುತ್ತದೆ ಎಂದರು. ಖಣದ ಮಾಸ್ಕಿಗೆ ಬೇಡಿಕೆ ಏರಿತು. ನನ್ನ ಮೂಗುಬುಟ್ಟಿಗಳಲ್ಲಿ ಈಗ ತುಳಸಿ ಬೀಜ ಒಣಗುತ್ತವೆ.

ಒಂದು ದಿನ ಬಾಗಿಲು ತೆರೆದರೆ ಹೊರಗೆ ಹೊಸ ಪಾಟಿ. ಅಕ್ಷರ ಕಾಕಾನದ್ದೇ: “ಇಲ್ಲಿ ಮಾಸ್ಕು ಸಿಗುತ್ತದೆ. ಯಜಮಾನರನ್ನು ಕೇಳಬೇಡಿ.”