ಕೂಸು ಮಲಗಿದಾಗ ನೀನೂ ಮಲಗು

ಕುಮಟಾ ಪೇಟೆಯಿಂದ ಹೊಲನಗದ್ದೆ ದಾಟಿ ಅಘನಾಶಿನಿಯ ಕಡೆಗೆ ಹೋಗುವ ರಸ್ತೆಯಲ್ಲಿ ಬಾಡ ಸಿಗುತ್ತದೆ. ಪಡುವಣಕ್ಕೆ ಸಮುದ್ರ, ಊರ ತುಂಬ ತೆಂಗು, ಹರಕೆ ಹೊರಲು ಕಾಂಚಿಕಾ ಪರಮೇಶ್ವರಿಯ ಗುಡಿ. ಈ ಊರಿನ ಒಂದು ಮನೆಗೆ ಜೂನ್ ಎರಡನೇ ವಾರದಲ್ಲಿ ಮಳೆಯೂ ಕೂಸೂ ಒಟ್ಟಿಗೇ ಬಂದವು. ಎರಡೂ ಹಗಲು ಸುಮ್ಮನಿದ್ದು ರಾತ್ರಿ ಜೋರು ಮಾಡುವ ಜಾತಿಯವು.

ಆಸ್ಪತ್ರೆಯಿಂದ ಹೊರಡುವಾಗ ತಾಯಿಗೆ ನರ್ಸಮ್ಮ ಹೇಳಿದ ಕೊನೆಯ ಮಾತು ಒಂದೇ: "ಕೂಸು ಮಲಗಿದಾಗ ನೀನೂ ಮಲಗು." ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ ಅದನ್ನೇ ಹೇಳಿದರು. ಪಕ್ಕದ ಮನೆಯ ಅಕ್ಕ ಹೇಳಿದಳು. ಹುಬ್ಬಳ್ಳಿಯ ಚಿಕ್ಕಮ್ಮ ಫೋನು ಮಾಡಿ ಹೇಳಿದಳು. ಆಗಷ್ಟೇ ಕಣ್ಣು ಹತ್ತಿದ್ದವಳನ್ನು ಎಬ್ಬಿಸಿ ಹೇಳಿದಳು.

ಲೆಕ್ಕಕ್ಕೆ ಮಾತು ಸರಿಯೇ. ಹುಟ್ಟಿದ ಕೂಸು ದಿನಕ್ಕೆ 14ರಿಂದ 17 ತಾಸು ನಿದ್ದೆ ಮಾಡುತ್ತದೆ. ಅಷ್ಟು ನಿದ್ದೆ ಆಕೆಗೆ ಪಿಯುಸಿ ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲೂ ಸಿಕ್ಕಿರಲಿಲ್ಲ. ತೊಡಕಿರುವುದು ಆ ನಿದ್ದೆಯ ಅಳತೆಯಲ್ಲಲ್ಲ, ತುಂಡಿನಲ್ಲಿ. ಕೂಸಿಗೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಬೇಕು. ಕುಡಿಸಲು ಅರ್ಧ ತಾಸು, ಹೆಗಲಿಗೆ ಹಾಕಿ ತೇಗು ಬರಿಸಲು ಕಾಲು ತಾಸು, ತೇಗಿನ ಜೊತೆಗೆ ಬಂದ ಹಾಲು ಒರೆಸಿ, ಒದ್ದೆ ಬಟ್ಟೆ ಬದಲಿಸಿ, ಮತ್ತೆ ತಟ್ಟಿ ಮಲಗಿಸುವ ಹೊತ್ತಿಗೆ ಮುಂದಿನ ಹಸಿವಿಗೆ ಮುಕ್ಕಾಲು ತಾಸು ಉಳಿದಿರುತ್ತದೆ. ಆ ಮುಕ್ಕಾಲು ತಾಸಿನ ಮೇಲೆ ಊರವರದೆಲ್ಲ ಕಣ್ಣು.

ಅಂದಹಾಗೆ, ಆಕೆಗೆ ಒಂದು ಹೆಸರಿತ್ತು. ಬೆಂಗಳೂರಿನ ಕಂಪನಿಯ ಗುರುತಿನ ಚೀಟಿಯಲ್ಲಿ ಈಗಲೂ ಇದೆ. ತವರಿಗೆ ಬಂದು ಹೆತ್ತ ದಿನದಿಂದ ಮಾತ್ರ "ಬಾಣಂತಿಗೆ ಊಟ ಆಯ್ತಾ", "ಬಾಣಂತಿ ಮಿಂದಳಾ", "ಬಾಣಂತಿ ಎದ್ದು ಓಡಾಡ್ತಾಳಲ್ಲ" ಎಂದೇ ಮಾತು. ಕೂಸಿಗಂತೂ ಹೆಸರಿಟ್ಟಿರಲಿಲ್ಲ, ಆಸ್ಪತ್ರೆಯವರು ಅದರ ಕೈಗೆ ಕಟ್ಟಿದ್ದ ಪಟ್ಟಿಯಲ್ಲಿ 'ಬೇಬಿ ಆಫ್' ಎಂದು ಬರೆದು ಮುಂದೆ ತಾಯಿಯ ಹೆಸರು ಬರೆದಿದ್ದರು. ಇದ್ದ ಒಂದು ಹೆಸರನ್ನೂ ಕೂಸು ಎರವಲು ತೆಗೆದುಕೊಂಡಿತ್ತು.

ಬೆಳಗಿನ ಒಂಬತ್ತಕ್ಕೆ ಕೂಸು ಮೀಸುವ ಅಕ್ಕ ಬರುತ್ತಾಳೆ. ಬಚ್ಚಲ ಮಣೆಯ ಮೇಲೆ ಕೂತು, ಸೀರೆ ಮೊಣಕಾಲಿನ ತನಕ ಸರಿಸಿ, ಎರಡೂ ಕಾಲು ಚಾಚಿ, ಕೂಸನ್ನು ಕಾಲಿನ ಮೇಲೆ ಉದ್ದಕ್ಕೆ ಮಲಗಿಸಿ ತೆಂಗಿನೆಣ್ಣೆ ತಿಕ್ಕುತ್ತಾಳೆ. ಕೈಕಾಲು ಮಡಿಸಿ ಬಿಡಿಸುತ್ತಾಳೆ, ತಲೆ ಒತ್ತಿ ಉರುಟು ಮಾಡುತ್ತಾಳೆ, ಮೂಗನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಾಳೆ. ತಾಯಿ ಬಾಯಿ ತೆರೆದರೆ ಉತ್ತರ ಸಿದ್ಧ: "ಈಗ ಎಳೀದಿದ್ರೆ ಮದುವೆ ಹೊತ್ತಿಗೆ ಯಾರ ಹತ್ರ ಎಳೆಸ್ತೆ?" ಹತ್ತು ಚೆಂಬು ನೀರು ಬೀಳುವ ತನಕ ಊರು ಕೇಳುವ ಹಾಗೆ ಅತ್ತ ಕೂಸು, ಮೈ ಒರೆಸಿ ಬಟ್ಟೆಯಲ್ಲಿ ಸುತ್ತಿದ ಕೂಡಲೇ ಎರಡು ತಾಸು ಸತತ ನಿದ್ದೆಗೆ ಬೀಳುತ್ತದೆ.

ಇಡೀ ದಿನದಲ್ಲಿ ಇದೊಂದೇ ಉದ್ದದ ನಿದ್ದೆ. ಬಾಣಂತಿ ಚಾಪೆಯ ಕಡೆ ನೋಡುತ್ತಾಳೆ. "ಬಾ, ಈಗ ನಿನ್ನ ಪಾಳಿ" ಎಂದು ಬಚ್ಚಲಿನಿಂದ ಕರೆ ಬರುತ್ತದೆ. ಹಂಡೆಯ ಕುದಿಯುವ ನೀರಿಗೆ ಒಂದಿಷ್ಟೇ ತಣ್ಣೀರು ಬೆರೆಸಿ ಬೆನ್ನಿಗೆ, ಸೊಂಟಕ್ಕೆ ಚೆಂಬು ಚೆಂಬು ಹೊಡೆಯುವುದು, ಆಮೇಲೆ ಹೊಟ್ಟೆಗೆ ಹಳೇ ಸೀರೆ ಬಿಗಿಯುವುದು, ಆಮೇಲೆ ಧೂಪದ ಹೊಗೆಯಲ್ಲಿ ಕೂದಲು ಆರಿಸುವುದು, ಆಮೇಲೆ ಲೇಹ್ಯ. ಎಲ್ಲ ಮುಗಿಸಿ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಚಾಪೆಯ ಅಂಚಿಗೆ ತಲುಪುವಾಗ ತೊಟ್ಟಿಲು ಅಲುಗುತ್ತದೆ.

ಬಟ್ಟೆಯ ಕತೆ ಇನ್ನೂ ದೊಡ್ಡದು. ಅಜ್ಜನ ಹಳೇ ಪಂಚೆ, ಅಜ್ಜಿಯ ಹತ್ತಿ ಸೀರೆ ಹರಿದು ಮಾಡಿದ ನಲವತ್ತು ತುಂಡುಗಳಿವೆ. ಕೂಸು ದಿನಕ್ಕೆ ಇಪ್ಪತ್ತು ಒದ್ದೆ ಮಾಡುತ್ತದೆ. ಹಾಗಾದರೆ ಎರಡು ದಿನದ ದಾಸ್ತಾನು. ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್, ಜುಲೈ, ಆಗಸ್ಟಿನಲ್ಲೇ. ಬಟ್ಟೆ ಒಣಗಲು ಇಲ್ಲಿ ಮೂರು ದಿನ ಬೇಕು. ಹುಟ್ಟಿ ಎಂಟು ದಿನದ ಕೂಸು ಮನೆಯವರಿಗೆಲ್ಲ ಗಣಿತ ಕಲಿಸಿತು. ಜಗಲಿಯಲ್ಲಿ ಹಗ್ಗ, ನಡುಮನೆಯಲ್ಲಿ ಹಗ್ಗ, ದೇವರ ಕೋಣೆಯ ಬಾಗಿಲ ತನಕ ಹಗ್ಗ. ಬಂದ ನೆಂಟರು ತಲೆ ಬಗ್ಗಿಸಿಯೇ ಒಳಗೆ ಬರಬೇಕು.

ಕೊನೆಗೆ ಬಚ್ಚಲೊಲೆಯೇ ಗತಿ. ತೆಂಗಿನ ಮಡಲು, ಸಿಪ್ಪೆ ಉರಿಸಿ, ಅದರ ಮೇಲೆ ಬಿದಿರು ಗಳದಲ್ಲಿ ಬಟ್ಟೆ ಇಳಿಬಿಟ್ಟರೆ ಒಣಗುತ್ತವೆ, ಜೊತೆಗೆ ಹೊಗೆಯ ವಾಸನೆಯೂ ಹತ್ತುತ್ತದೆ. ಕೂಸನ್ನು ಎತ್ತಿ ಮೂಸಿದ ಸೋದರಮಾವ, ಒಲೆಯ ಮೇಲೆ ಕಟ್ಟಿದ ಒಣ ಬಂಗಡೆಯ ನೆನಪಾಯಿತು ಎಂದು ಹೇಳಿ ಅಮ್ಮನಿಂದ ಬೈಸಿಕೊಂಡ. ಅಳಿಯ ಬೆಂಗಳೂರಿನಿಂದ ಡೈಪರಿನ ದೊಡ್ಡ ಪ್ಯಾಕೆಟ್ ತಂದಿದ್ದ. "ಅದು ಕಟ್ಟಿದ್ರೆ ಕೂಸಿನ ಕಾಲು ಸೊಟ್ಟ ಆಗ್ತದೆ" ಎಂದು ಅಜ್ಜಿ ಅದನ್ನು ಅಟ್ಟಕ್ಕೆ ಸೇರಿಸಿದ್ದಳು. ಬಿಡದೆ ಮಳೆ ಹೊಡೆದ ನಾಲ್ಕನೇ ದಿನ, ಒದ್ದೆ ಬಟ್ಟೆಯ ರಾಶಿ ನೋಡಿ ಆಕೆಯೇ ಕೇಳಿದಳು: "ಆ ಪ್ಯಾಕೆಟ್ ಏಣಿ ಹಾಕಿ ಇಳಿಸ್ತ್ರಾ?"

ಹೊರಗೆ ಇಷ್ಟು ನೀರಿದ್ದರೂ ಬಾಣಂತಿಗೆ ಕುಡಿಯಲು ನೀರಿಲ್ಲ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಕೂಸಿಗೆ ಶೀತವಾಗುತ್ತದೆ ಎಂಬುದು ಹಿರಿಯರ ಶಾಸನ. ಹಾಲೂಡಿಸುವ ತಾಯಿ ಬಾಯಾರಿದಷ್ಟೂ ನೀರು ಕುಡಿಯಬೇಕು ಎಂಬುದು ವೈದ್ಯರ ಮಾತು. ಎರಡಕ್ಕೂ ಮರ್ಯಾದೆ ಕೊಟ್ಟು ಆಕೆ ಬಚ್ಚಲಿಗೆ ಹೋದಾಗ ಕದ್ದು ಕುಡಿಯುವುದನ್ನು ಕಲಿತಳು. ಊಟಕ್ಕೆ ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ಮೆಂತೆ ಗಂಜಿ. ನಾಳೆ ಬೆಳ್ಳುಳ್ಳಿ, ಮೆಂತೆ ಗಂಜಿ, ಕಾಳುಮೆಣಸಿನ ಸಾರು. ಹಾಲು ಹೆಚ್ಚಲು ಮೋರಿ, ಅಂದರೆ ಸಣ್ಣ ಶಾರ್ಕ್ ಮೀನಿನ ಸಾರು ಒಳ್ಳೆಯದು ಎಂದು ಕರಾವಳಿಯ ನಂಬಿಕೆ. ಆದರೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. "ಮೀನಿಲ್ಲದ ಕಾಲ ನೋಡಿಯೇ ಹುಟ್ಟಿದೆ ನಿನ್ನ ಕೂಸು" ಎಂದು ಅಜ್ಜಿ ಆ ತಪ್ಪನ್ನೂ ಬಾಣಂತಿಯ ಲೆಕ್ಕಕ್ಕೇ ಬರೆದಳು.

ಸರಕಾರವೂ ಬಾಣಂತಿಯನ್ನು ಮರೆತಿಲ್ಲ. ಅಂಗನವಾಡಿಯ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. 2017ರ ಅದೇ ತಾರೀಕಿಗೆ ರಾಜ್ಯವಿಡೀ 'ಮಾತೃಪೂರ್ಣ' ಬಂತು: ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, 200 ಮಿಲಿ ಲೀಟರ್ ಹಾಲು, ಶೇಂಗಾ ಚಿಕ್ಕಿ. ಬಿಸಿ ಊಟವನ್ನು ಅಲ್ಲೇ ಬಂದು ಉಣ್ಣಬೇಕು. ಅಜ್ಜಿಯ ಕಾನೂನಿನಲ್ಲಿ ಬಾಣಂತಿ ನಲವತ್ತು ದಿನ ಹೊಸಿಲು ದಾಟುವಂತಿಲ್ಲ, ಅದೂ ಈ ಗಾಳಿ ಮಳೆಯಲ್ಲಿ. ಚಿಕ್ಕಿಯ ಆಸೆಯಿಂದ ಬಾಗಿಲ ತನಕ ಹೋದವಳು ಎರಡು ಸರಕಾರಗಳ ನಡುವೆ ನಿಂತು ಹಿಂದೆ ಬಂದಳು.

ಕೂಸು ನೋಡಲು ಬರುವವರದು ಮೂರನೆಯ ಸರಕಾರ. ಅವರು ಬರುವುದು ಕೂಸು ಮಲಗಿದಾಗಲೇ. "ಎಬ್ಬಿಸ್ಬೇಡಿ, ಎಬ್ಬಿಸ್ಬೇಡಿ" ಎಂದು ಹೇಳುತ್ತಲೇ ಕೆನ್ನೆ ಮುಟ್ಟುತ್ತಾರೆ. ಕೂಸು ಅತ್ತರೆ ಮುಂದಿನ ಪ್ರಶ್ನೆ: "ಹಾಲು ಸಾಕಾಗ್ತಿಲ್ಲ ಕಾಣ್ತದೆ?" ಒಬ್ಬರು ಕೂಸು ಇಳಿದಿದೆ ಎಂದರು. ಹುಟ್ಟಿದ ಮೊದಲ ದಿನಗಳಲ್ಲಿ ಹೆಚ್ಚಿನ ಕೂಸುಗಳು ಸ್ವಲ್ಪ ತೂಕ ಕಳೆದುಕೊಂಡು, ಹತ್ತು ಹದಿನಾಲ್ಕು ದಿನದಲ್ಲಿ ಅದನ್ನು ಮತ್ತೆ ಗಳಿಸುತ್ತವೆ ಎಂದು ಆಕೆಗೆ ಗೊತ್ತಿತ್ತು. ಆದರೂ ಅವರು ಹೋದ ಮೇಲೆ ತಾಯಿ ಕಾರ್ಡ್ ತೆಗೆದು ತೂಕದ ಅಂಕಿ ಎರಡು ಸಲ ನೋಡಿದಳು. ಮತ್ತೊಬ್ಬರು ಬಜೆ ತೇಯ್ದು ನೆಕ್ಕಿಸು ಎಂದರು, ಇನ್ನೊಬ್ಬರು ಜೇನು. ಆರು ತಿಂಗಳು ಎದೆಹಾಲು ಬಿಟ್ಟರೆ ನೀರೂ ಬೇಡ, ವರ್ಷ ತುಂಬುವ ತನಕ ಜೇನಂತೂ ಬೇಡವೇ ಬೇಡ ಎಂದು ಆಶಾ ಕಾರ್ಯಕರ್ತೆ ಗೋಡೆಗೆ ಬಡಿದ ಹಾಗೆ ಹೇಳಿ ಹೋಗಿದ್ದರು.

ಗ್ರೈಪ್ ವಾಟರ್ ಬಾಟಲಿ ತಂದವರೂ ಇದ್ದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ್ ಎಂಬಾತ 1851ರಲ್ಲಿ ಇದನ್ನು ಮಾಡಿದಾಗ ಅದರಲ್ಲಿ ಸಬ್ಬಸಿಗೆ ಎಣ್ಣೆ, ಸಕ್ಕರೆ, ಸೋಡಾದ ಜೊತೆ ಒಂದಿಷ್ಟು ಮದ್ಯಸಾರವೂ ಇತ್ತು. ಆ ಕಾಲದ ಕೂಸುಗಳು ಅಷ್ಟು ಚೆನ್ನಾಗಿ ಮಲಗುತ್ತಿದ್ದುದರ ಗುಟ್ಟು ಇಷ್ಟೇ ಇರಬೇಕು ಎಂದು ಅಜ್ಜ ಜಗಲಿಯಿಂದ ಷರಾ ಬರೆದ.

ಹೆಸರಿನ ಚರ್ಚೆಯೂ ಬಾಣಂತಿಯ ತಲೆದಿಂಬಿನ ಪಕ್ಕದಲ್ಲೇ ನಡೆಯಿತು. ಜೋಯಿಸರು ಒಂದು ಅಕ್ಷರ ಕೊಟ್ಟಿದ್ದರು, ಆ ಅಕ್ಷರಕ್ಕೆ ಅತ್ತಿಗೆ ಮೊಬೈಲಿನಲ್ಲಿ ಹುಡುಕಿದ ಹೆಸರುಗಳನ್ನು ಅಜ್ಜಿಗೆ ಹೇಳಲು ಬರುತ್ತಿರಲಿಲ್ಲ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು. ಹೆಸರು ಸೇರಿಸಲು ಮಾತ್ರ ಶುಲ್ಕವಿಲ್ಲದೆ ಒಂದು ವರ್ಷ ಸಮಯವಿದೆ. ಕಾನೂನು ಮಾಡಿದವರ ಮನೆಯಲ್ಲೂ ಅತ್ತಿಗೆಯಂದಿರು ಇದ್ದಿರಬೇಕು.

ರಾತ್ರಿ ಹತ್ತರ ಮೇಲೆ ಕೂಸಿನ ಆಟ. ಇದು 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಯಕ್ಷಗಾನದ ಇಡಗುಂಜಿ ಮೇಳ ಕಟ್ಟಿದ ಸೀಮೆ. ಇಡೀ ರಾತ್ರಿಯ ಬಯಲಾಟ ಇಲ್ಲಿನವರಿಗೆ ಹೊಸತಲ್ಲ. ಕೂಸು ಮೊದಲು ಕುಂಯ್ ಎಂದು ಪೂರ್ವರಂಗ ಮಾಡುತ್ತದೆ. ಹನ್ನೊಂದಕ್ಕೆ ಕೈಕಾಲು ಬಡಿದು ಒಡ್ಡೋಲಗ. ನಡುರಾತ್ರಿಗೆ ರಾಕ್ಷಸ ವೇಷದ ಪ್ರವೇಶ, ಆ ಅಬ್ಬರಕ್ಕೆ ಹಟ್ಟಿಯ ಎಮ್ಮೆ ಏಳುತ್ತದೆ. ಜೋಲಿ ತೂಗುವ ಅಮ್ಮ ಭಾಗವತರು. ಲಾಲಿ ಹಾಡುಗಳು ಮುಗಿದು ಭಜನೆ, ಭಜನೆ ಮುಗಿದು ಸಿನಿಮಾ ಹಾಡು, ಅದೂ ಮುಗಿದು ಗುಡೇಅಂಗಡಿ, ಕಾಗಾಲ, ಹೊಲನಗದ್ದೆ ಎಂದು ಬಸ್ಸು ನಿಲ್ಲುವ ಊರುಗಳನ್ನೇ ರಾಗವಾಗಿ ಹೇಳುತ್ತಾಳೆ. ಬೆಳಗಿನ ಜಾವ ಮಂಗಳ. ಪ್ರೇಕ್ಷಕರು ಮನೆಗೆ ಹೋಗಿ ಮಲಗುವ ಹೊತ್ತಿಗೆ ಹಾಲಿನವನು ಗೇಟು ಬಡಿಯುತ್ತಾನೆ.

ತಿಂಗಳಿಗೆ ಎರಡು ಸಲ ಪಂಚಗಂಗಾ ರೈಲಿನಲ್ಲಿ ಬರುವ ಗಂಡ, ಬೆಳಿಗ್ಗೆ ಕುಮಟಾದಲ್ಲಿ ಇಳಿದು ಮನೆ ಸೇರಿದಾಗ ಕೂಸು ದೇವರ ಹಾಗೆ ಮಲಗಿರುತ್ತದೆ. "ಪಾಪ, ಎಷ್ಟು ಒಳ್ಳೇ ಕೂಸು. ನೀನೂ ಮಲಗಬಾರದಿತ್ತಾ?" ಎಂದು ಕೇಳಿದ. ಅಂದು ರಾತ್ರಿ ಜೋಲಿಯ ಹಗ್ಗ ಅವನ ಕೈಗೆ ಬಂತು. ಮರುದಿನ ಬೆಳಿಗ್ಗೆ ಅವನು ಏನೂ ಕೇಳಲಿಲ್ಲ.

ಒಂದೂವರೆ ತಿಂಗಳಿಗೆ ಚುಚ್ಚುಮದ್ದು. ಬಾಯಿಗೆ ಪೋಲಿಯೊ ಮತ್ತು ರೋಟಾ ಹನಿ, ಮೈಗೆ ಮೂರು ಸೂಜಿ. ಅದರಲ್ಲಿ ಒಂದು, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಎಂಬ ಐದು ಕಾಯಿಲೆಗಳನ್ನು ಒಟ್ಟಿಗೆ ತಡೆಯುವ ಪೆಂಟಾವೇಲೆಂಟ್. ಸೂಜಿ ಹಾಕುವಾಗ ಕೂಸಿಗಿಂತ ಮೊದಲು ಅತ್ತದ್ದು ಹೊರಗೆ ನಿಂತಿದ್ದ ಸೋದರಮಾವ. ಸಂಜೆಗೆ ಮೈ ಬಿಸಿಯಾಯಿತು, ನರ್ಸಮ್ಮ ಹೇಳಿದ ಅಳತೆಯಲ್ಲಿ ಔಷಧ ಹಾಕಿದರು, ಕೂಸು ಹುಟ್ಟಿದ ಮೇಲೆ ಮೊದಲ ಸಲ ರಾತ್ರಿ ನಾಲ್ಕು ತಾಸು ಏಳದೆ ಮಲಗಿತು. ಆ ನಾಲ್ಕು ತಾಸೂ ಬಾಣಂತಿ ಕೂತೇ ಇದ್ದಳು. ಹತ್ತು ನಿಮಿಷಕ್ಕೊಮ್ಮೆ ಹಣೆ ಮುಟ್ಟಿ, ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿದಳು.

ಆಗಸ್ಟ್ 1ಕ್ಕೆ ದೋಣಿಗಳು ಕಡಲಿಗೆ ಇಳಿದವು. ಅದೇ ದಿನ ವಿಶ್ವ ಸ್ತನ್ಯಪಾನ ಸಪ್ತಾಹವೂ ಶುರು. 1992ರಿಂದ ಆಗಸ್ಟ್ ಮೊದಲ ವಾರದಲ್ಲಿ ಅದು ನಡೆಯುತ್ತದೆ. ನಲವತ್ತು ದಿನ ಕಳೆದಿತ್ತು, ಅಜ್ಜಿಯ ಅನುಮತಿಯೂ ಸಿಕ್ಕಿತ್ತು. ಆಕೆ ಕೂಸನ್ನು ಎತ್ತಿಕೊಂಡು ಅಂಗನವಾಡಿಯ ಸಭೆಗೆ ಹೋದಳು. ಗೋಡೆಗೆ ಒರಗಿ ಕೂತಳು. ಭಾಷಣ ಮಾಡುತ್ತಿದ್ದವರು "ಕೂಸು ಮಲಗಿದಾಗ ತಾಯಿಯೂ ಮಲಗಬೇಕು" ಎನ್ನುವಾಗ ಸಭೆಯಲ್ಲಿ ನಗು ಎದ್ದಿತು. ಕೂಸು ಕಣ್ಣು ಬಿಟ್ಟು ಪಕ್ಕದವರ ತೊಡೆಯ ಮೇಲೆ ಆಡುತ್ತಿತ್ತು. ತಾಯಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಯಾರೂ ಎಬ್ಬಿಸಲಿಲ್ಲ. ಅವಳ ಪಾಲಿನ ಚಿಕ್ಕಿಯನ್ನು ಸೆರಗಿನಲ್ಲಿ ಕಟ್ಟಿ ಇಟ್ಟರು.

ಬಾಣಂತಿಯ ರಜೆಗೆ 26 ವಾರ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ 12 ವಾರವಿದ್ದುದನ್ನು 2017ರಲ್ಲಿ ಹೆಚ್ಚಿಸಿದ್ದು, ಅದೂ ಮೊದಲ ಎರಡು ಹೆರಿಗೆಗೆ. ಆಕೆಗೆ ಕಂಪನಿಯಿದೆ, ಸಂಬಳ ಬರುತ್ತದೆ. ಕೂಸು ಮೀಸುವ ಅಕ್ಕನಿಗೆ ನಾಲ್ಕು ಮಕ್ಕಳು, ನಾಲ್ಕಕ್ಕೂ ಸೇರಿ ಅವಳು ತೆಗೆದ ರಜೆ ಎಷ್ಟು ಎಂದು ಕೇಳಿದ್ದಕ್ಕೆ, ಬಚ್ಚಲ ಒಲೆಗೆ ಸಿಪ್ಪೆ ತುಂಬುತ್ತ, "ಗದ್ದೆ ನೆಟ್ಟಿ ಯಾರು ಮುಗಿಸ್ತ್ರು?" ಎಂದಳು.

ಈ ಮಳೆಗಾಲದಲ್ಲಿ ನೀವೂ ಎಲ್ಲಾದರೂ ಕೂಸು ನೋಡಲು ಹೊರಟಿದ್ದರೆ ಪೌಡರು, ಸೋಪಿನ ಡಬ್ಬಿ ಬೇಡ. ಅಂಥವು ಐದಾರು ಬಂದಿರುತ್ತವೆ. ಒಳಗೆ ಹೋಗುವ ಮೊದಲು ಕೈ ತೊಳೆಯಿರಿ. ಹಾಲು ಸಾಕಾಗುತ್ತದೆಯೇ ಎಂದು ಕೇಳಬೇಡಿ. ಕೂಸು ಎದ್ದಿದ್ದರೆ ಎತ್ತಿಕೊಂಡು ಜಗಲಿಯಲ್ಲಿ ಅರ್ಧ ತಾಸು ತಿರುಗಾಡಿ, ಮಲಗಿದ್ದರೆ ಒದ್ದೆ ಬಟ್ಟೆ ನಾಲ್ಕು ಹಿಂಡಿ ಹಗ್ಗಕ್ಕೆ ಹಾಕಿ. ಮತ್ತೆ, ಆಕೆಯನ್ನು ಹೆಸರು ಹಿಡಿದು ಕರೆಯಿರಿ. ಮರೆತಿದ್ದರೆ ಕೂಸಿನ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರಿನ ಮುಂದೆ ಅಚ್ಚಾಗಿದೆ.